ಕವರಿನ ಮೇಲಿನ ಮುಖ

ಬೀಸುವ ಕಲ್ಲಿನ ಮುಂದೆ ಸ್ವಾತಿಯನ್ನು ಕೂರಿಸಿ ಆಗಿತ್ತು. ಕಲ್ಲಿನ ಗೂಟಕ್ಕೆ ಎಲೆ ಅಡಿಕೆ ಕಟ್ಟಿದ್ದರು. ಕುಟ್ಟಿದ ಅರಿಶಿನದ ಮೊದಲ ಹಿಡಿ ಹಾಕಿ, ಕಲ್ಹೇರಿನಿಂದ ಬಂದಿದ್ದ ಗಂಡಿನ ತಾಯಿ ಬಂಡಮ್ಮ ಸೊಸೆಯಾಗುವವಳ ಪಕ್ಕಕ್ಕೆ ಸರಿದು ಕೂತಳು.

"ಎತ್ತವಾ ಹಾಡು. ನಿನ್ನ ಬಾಯಿಲೆ ಕೇಳಬೇಕಂತ ನಮ್ಮ ಊರಾಗಿನ ಹೆಣ್ಮಕ್ಕಳೆಲ್ಲ ಟೆಂಪೋ ತುಂಬಿ ಬಂದಾರ."

ಸ್ವಾತಿ ತಲೆ ತಗ್ಗಿಸಿದಳು. ಅವಳಿಗೆ ಹಾಡು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅವಳವ್ವ ಅಮೃತಬಾಯಿಗೆ. ಅಮೃತಬಾಯಿ ಗಂಡನನ್ನು ಕಳೆದುಕೊಂಡವಳು, ಅರಿಶಿನ ಬೀಸುವಲ್ಲಿಗೆ ಬರುವ ಹಾಗಿಲ್ಲ. ಮಗಳ ಮದುವೆಗೆಂದು ತಾನೇ ಸಾರಿಸಿದ ಪಡಸಾಲೆಯ ಹೊರಗೆ, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಮನೆ ಅವಳದು, ಮಗಳು ಅವಳವಳು. ಆದರೆ ಶಾಸ್ತ್ರ ಊರಿನದು.

ಇದಕ್ಕೆಲ್ಲ ಕಾರಣ ಹಾಡಿನ ಆಲ್ಬಂ ಒಂದರ ಕವರು. ಅಮೃತಬಾಯಿಯ ಭಾವನ ಮಗ ಸಾಯಿಕುಮಾರ ಜಹೀರಾಬಾದಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು. ಹಿಂದಿನ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿ ಆಲ್ಬಂ ಎಂದು ಮೊಬೈಲಿಗೆ ಬಿಡುವುದು ಅವನ ಇನ್ನೊಂದು ಹುಚ್ಚು. ಕಾಕಿ ಹಾಡಿದ ಮದುವೆ ಹಾಡುಗಳನ್ನು ತುಂಬಿಕೊಂಡ ಮೇಲೆ ಅವಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ. ಹಿಂದೆ ಒಂದು ಜಲಪಾತ ಕೂರಿಸಿದ. ನಾರಾಯಣಖೇಡದ ಸುತ್ತ ಅಂಥ ನೀರನ್ನು ಕಂಡವರು ಯಾರೂ ಇಲ್ಲ, ಆದರೂ ಚಂದ ಅಂದರೆ ಅವನ ಲೆಕ್ಕದಲ್ಲಿ ಜಲಪಾತ. ಗದ್ದದ ಹಚ್ಚೆ, ಬಿಸಿಲಿಗೆ ಸುಟ್ಟ ಮೂಗು, ಹಾಡುವಾಗ ತುಸು ಓರೆಯಾಗುವ ತುಟಿ ಎಲ್ಲ ಹಾಗೇ ಇದ್ದವು. ಅಮೃತಬಾಯಿಗೆ ಆ ಮುಖ ಇಷ್ಟವಾಯಿತು, ಇಷ್ಟವಾದದ್ದಕ್ಕೆ ನಾಚಿಕೆಯೂ ಆಯಿತು.

"ಆದ್ರ ಕಾಕಿ, ಲಗ್ನದ ಹಾಡಿಗಿ ಖಾಲಿ ಹಣಿ ನಡಿಯಂಗಿಲ್ಲ. ಮಂದಿ ಲಗ್ನದ ಮನ್ಯಾಗ ಹಚ್ಚಾಂಗಿಲ್ಲ," ಎಂದು ಅವನು ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಅವಳ ಹಣೆಯಲ್ಲಿ ಕುಂಕುಮ ಮೂಡಿತು.

ಅಮೃತಬಾಯಿ ಕೈ ಚಾಚಿ ಪರದೆಯ ಮೇಲಿನ ಹಣೆಯನ್ನು ಮುಚ್ಚಿದಳು. "ತೆಗಿ ಅದನ್ನ," ಎಂದಳು. ಆಮೇಲೆ ತಾನೇ ಹೇಳಿದಳು: "ಸ್ವಾತಿದು ಹಾಕು. ನನ್ನ ಮಾರಿ ಯಾರು ನೋಡ್ತಾರ."

ಕವರಿನ ಮೇಲೆ ಸ್ವಾತಿ ಬಂದಳು: ಹಸಿರು ಸೀರೆ, ಕೈತುಂಬ ಬಳೆ, ಮಲ್ಲಿಗೆ, ರೂಪಾಯಗಲದ ಕುಂಕುಮ. ಸಾಯಿಕುಮಾರ ಅವಳ ಬಣ್ಣವನ್ನೂ ಒಂದಷ್ಟು ತಿಳಿಮಾಡಿದ. ಮುಖ ಒಬ್ಬರದು ಹೆಸರು ಒಬ್ಬರದು ಆದರೆ ಮಂದಿ ನಗುತ್ತಾರೆಂದು ಕೆಳಗೆ 'ಗಾಯನ: ಸ್ವಾತಿ' ಎಂದೇ ಬರೆದ. ಆ ವರ್ಷ ಸುತ್ತಲಿನ ಮದುವೆ ಹಂದರಗಳಲ್ಲೆಲ್ಲ ಅದೇ ಹಾಡು. ಕುರಿಯ ಹಿಂದೆ ಹೋಗುವ ಬಂಡಮ್ಮ ಸೊಂಟದ ಚೀಲದಲ್ಲಿ ಮೊಬೈಲ್ ಇಟ್ಟುಕೊಂಡು ಅದನ್ನೇ ಕೇಳುತ್ತಿದ್ದಳಂತೆ. ಮಗ ಅಮೋಘಸಿದ್ದನಿಗೆ ಹೆಣ್ಣು ಕೇಳಿಕೊಂಡು ಬಂದವಳು ಆ ಕವರನ್ನೇ ತೋರಿಸಿ, "ಈ ಹುಡುಗೀನ ನಮ್ಮ ಮನಿಗಿ ಕೊಡ್ರಿ," ಅಂದಿದ್ದಳು.

ಖರೆ ಹೇಳಿಬಿಡೋಣ ಎಂದು ಅಮೃತಬಾಯಿ ಒದ್ದಾಡಿದಳು. ಸಾಯಿಕುಮಾರ ಬಿಡಲಿಲ್ಲ. "ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ ಕಾಕಿ. ನಾವು ಹೇಳಿದ್ದು ಒಂದೇ." ಅಷ್ಟರಲ್ಲಿ ಸ್ವಾತಿ, ಅಮೋಘಸಿದ್ದ ದಿನಾ ಫೋನಿನಲ್ಲಿ ಮಾತಾಡತೊಡಗಿದ್ದರು. ಹುಡುಗಿಗೆ ಅವನ ಮೇಲೆ ಜೀವ. ಹೇಳಿದರೆ ಅವನು ಬಿಟ್ಟುಹೋದಾನೆಂದು ಅವಳಿಗೆ ಭಯ, ಹೇಳದಿದ್ದರೆ ಜೀವನವಿಡೀ ಆ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಇರಬೇಕೆಂದು ಇನ್ನೂ ದೊಡ್ಡ ಭಯ.

ಈಗ ಕಲ್ಲು ಕಾಯುತ್ತಿತ್ತು. ಅರಿಶಿನದ ಕಲ್ಲು ಹಾಡಿಲ್ಲದೆ ತಿರುಗಬಾರದು, ಮೊದಲ ಹಾಡು ಮದುಮಗಳ ಕಡೆಯದಾಗಬೇಕು.

"ಗಂಟಲ ಕೂತಿರಬೇಕು ಬಿಡ್ರಿ. ಮೊಬೈಲ್ ಹಚ್ಚಲೇನು?" ಎಂದಳು ಒಬ್ಬಳು.

"ಮೊಬೈಲಿಗೇನ್ ಗೊತ್ತದ ಲಗ್ನ? ಬಾಯಿಲೇ ಆಗಬೇಕು," ಎಂದಳು ಬಂಡಮ್ಮ.

ಸ್ವಾತಿ ಗೂಟದಿಂದ ಕೈ ತೆಗೆದಳು. "ಅತ್ತಿ, ಒಂದು ಮಾತು ಹೇಳೂದದ. ಆ ಹಾಡು ನಾ..."

ಮಾತು ಹೊರಗೆ ನಿಂತ ತಾಯಿಗೂ ಕೇಳಿಸಿತು. ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಹೊಲದಂಚಿನರಿಶಿಣ ಹೊನ್ನಾಗಿ ಬೆಳದಾದ, ಹೊನ್ನಂಥ ಮಗಳ ಮೈಗಿರಲಿ..."

ಬಂಡಮ್ಮ ಸ್ವಾತಿಯ ಮುಚ್ಚಿದ ತುಟಿ ನೋಡಿದಳು, ಬಾಗಿಲ ಕಡೆ ನೋಡಿದಳು. ಕಾಡಿನಲ್ಲಿ ಕುರಿಗಳ ನಡುವೆ ಅಷ್ಟು ಸಲ ಕೇಳಿದ ದನಿ ಅವಳಿಗೆ ಗುರುತು ಸಿಗದೆ ಇದ್ದೀತೆ? "ಮುತ್ತೈದ್ಯಾರ ಅರಿಶಿಣಕ್ಕ ಇದೇನ್ರವಾ," ಎಂದು ಯಾರೋ ಗೊಣಗಿದರು. ಬಂಡಮ್ಮ ಎದ್ದು ಹೊಸ್ತಿಲಿಗೆ ಬಂದಳು.

ಇಬ್ಬರೂ ಮುಖಾಮುಖಿಯಾದರು. ಅಮೃತಬಾಯಿ ಹಾಡು ನಿಲ್ಲಿಸಲಿಲ್ಲ, ಎತ್ತಿದ ಅರಿಶಿನದ ಹಾಡನ್ನು ಅರ್ಧಕ್ಕೆ ಬಿಡುವುದು ಕೆಟ್ಟದ್ದು. ಬೋಳು ಹಣೆ, ಹಚ್ಚೆಯ ಗದ್ದ, ಓರೆಯಾದ ತುಟಿಯನ್ನು ಬಂಡಮ್ಮ ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರು ಬಂತು.

"ಬಿಡಬ್ಯಾಡ್ರಿ. ಹಾಡ್ರಿ," ಎಂದಳು ಮೆಲ್ಲಗೆ.

ಒಳಗೆ ಕರೆಯುತ್ತಾಳೆ ಎಂದುಕೊಂಡು ಅಮೃತಬಾಯಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು.

ಬಂಡಮ್ಮ ತಿರುಗಿ ಒಳಗಿನವರಿಗೆ ಹೇಳಿದಳು: "ಯಾರರ ಕೇಳಿದ್ರ, ನಮ್ಮ ಸೊಸಿ ಹಾಡ್ಯಾಳ ಅನ್ರಿ. ಸ್ವಾತಿ, ಕೈ ಹಚ್ಚವಾ ಕಲ್ಲಿಗಿ." ಆಮೇಲೆ ಎರಡೂ ಕದ ಎಳೆದು ಒಳಗಿನಿಂದ ಚಿಲಕ ಹಾಕಿದಳು.

ಅಮೃತಬಾಯಿ ಮುಚ್ಚಿದ ಬಾಗಿಲಿಗೆ ಮುಖಮಾಡಿ, ದನಿ ಇನ್ನಷ್ಟು ಏರಿಸಿ ಮುಂದಿನ ನುಡಿ ಎತ್ತಿದಳು. ಒಳಗೆ ಕಲ್ಲು ತಿರುಗತೊಡಗಿತು.