ಪ್ಯಾಕ್ ಕೊಡದ ಫ್ಲಾಪಿ

ಕಂಪ್ಯೂಟರ್ ಆರಿಸಿಕೊಟ್ಟ ಹೆಣ್ಣನ್ನು ಮದುವೆಯಾದ ನಂದಗುಡಿ ಹೋಬಳಿಯ ಮೊದಲ ಗಂಡು ನಾನು, ಸೊಣ್ಣಪ್ಪ. ಹತ್ತೊಂಬತ್ತು ವರ್ಷ ಈ ಮಾತನ್ನು ಮದುವೆ, ಬೀಗರೂಟ, ತಿಥಿ ಎನ್ನದೆ ಹೇಳಿಕೊಂಡು ತಿರುಗಿದ್ದೇನೆ. ಈಗಿನ ಹುಡುಗರು ಇಂಟರ್ನೆಟ್ಟಿನಲ್ಲಿ ಹೆಣ್ಣು ಹುಡುಕುತ್ತೇವೆಂದು ಬೀಗಿದರೆ ನನಗೆ ಮೈ ಉರಿಯುತ್ತದೆ. ಎಂಬತ್ತೊಂಬತ್ತರಲ್ಲೇ ಆ ಕೆಲಸ ಮುಗಿಸಿ ಕೈ ತೊಳೆದವರು ನಾವು. ಆದರೆ ಆ ಮಾತಿನೊಳಗೆ ಒಂದು ಹುಳುಕಿತ್ತು. ಅದು ನನ್ನನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ ಹೊಸಕೋಟೆಯಿಂದ ಮಹಬೂಬ್ ಫೋನ್ ಮಾಡಿದ. ಒಂದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಒಂದೇ ದಿನ ಸೇರಿದವರು ನಾವು. ಪ್ರೋಗ್ರಾಂ ಬರೆಯುವುದರಲ್ಲಿ ಅವನು ನನಗಿಂತ ಗಟ್ಟಿಗ, ಇದನ್ನು ಅವನೆದುರು ಹೇಳುವುದಿಲ್ಲ. ಮಹಡಿಯ ಕೋಣೆಯನ್ನು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರಿಗೆ ಬಾಡಿಗೆಗೆ ಕೊಡುತ್ತಿದ್ದಾನಂತೆ. ಅಲ್ಲಿರುವ ಹಳೆಯ ಕಂಪ್ಯೂಟರುಗಳು ಸೋಮವಾರ ಗುಜರಿಗೆ, ಕೊನೆಯ ಸಲ ನೋಡಿಕೊಂಡು ಹೋಗು ಎಂದ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ನನ್ನ ಹೆಂಡತಿ ಅನುಸೂಯಮ್ಮ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದಳು. ತನ್ನನ್ನು ನನಗೆ ಗಂಟುಹಾಕಿದ ದಲ್ಲಾಳಿಯ ಮುಖವನ್ನು ಒಮ್ಮೆ ನೋಡಬೇಕಂತೆ. ಅವಳು ಪ್ರೈಮರಿ ಶಾಲೆಯ ಟೀಚರು. ಬೇಡವೆಂದರೆ ಕಾರಣ ಕೇಳುವವಳು.

ಮಹಡಿಯ ಧೂಳಿಗೆ ಸೀನುತ್ತಲೇ ನಾವಿಬ್ಬರೂ ಇಪ್ಪತ್ತು ವರ್ಷ ಹಿಂದಕ್ಕೆ ಹೋದೆವು. ಮಹಬೂಬನ ಮಾವ ದುಬೈನಿಂದ ತಂದಿದ್ದ ಮನೆ ಕಂಪ್ಯೂಟರ್ ಅಲ್ಲಿತ್ತು. ಕೀಬೋರ್ಡೇ ಕಂಪ್ಯೂಟರ್, ಟಿವಿಯೇ ಪರದೆ, ಟೇಪ್ ರೆಕಾರ್ಡರಿನ ಕ್ಯಾಸೆಟ್ಟೇ ಅದರ ಉಗ್ರಾಣ. ಕ್ಯಾಸೆಟ್ಟಿನಿಂದ ಒಂದು ಪ್ರೋಗ್ರಾಂ ಒಳಗೆ ಹೋಗುವುದಕ್ಕೆ ಹತ್ತು ನಿಮಿಷ ಕಿರುಚಾಡುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ ಮತ್ತೆ ಮೊದಲಿಂದ. ನಮ್ಮ ಜನಾಂಗದ ಸಂಘದ ವಧೂವರರ ಪಟ್ಟಿಯನ್ನು ನಾವು ಮೊದಲು ಇದಕ್ಕೇ ತುಂಬಿಸಿದ್ದು. ಒಂದು ಭಾನುವಾರ ಕ್ಯಾಸೆಟ್ ಹಾಕಿದರೆ ಅರವತ್ತು ಜನ ವರರಿದ್ದ ಜಾಗದಲ್ಲಿ ಮಹಬೂಬನ ದೊಡ್ಡಮ್ಮಂದಿರು ಮೆಹಂದಿ ಹಾಡು ಹೇಳುತ್ತಿದ್ದರು. ಅದನ್ನು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಅನುಸೂಯ ನಗಲಿಲ್ಲ. ಇವುಗಳಲ್ಲಿ ದಲ್ಲಾಳಿ ಯಾವುದು ಎಂದು ಕೇಳಿದಳು.

ದಲ್ಲಾಳಿ ಮೂಲೆಯಲ್ಲಿತ್ತು. ಮೆಹಂದಿ ಹಾಡಿನ ಪ್ರಸಂಗವಾದ ಮೇಲೆ ಸಂಘದ ಕಾರ್ಯದರ್ಶಿ ದೊಡ್ಡಬೀರಪ್ಪನವರು ಎರಡು ಫ್ಲಾಪಿ ಹಾಕುವ ದೊಡ್ಡ ಕಂಪ್ಯೂಟರನ್ನೇ ಈ ಮಹಡಿಗೆ ತಂದರು, ಅದರಲ್ಲಿ ಡಿಬೇಸ್ ಎಂಬ ಪಟ್ಟಿ ಇಡುವ ವ್ಯವಸ್ಥೆ. ಮಹಬೂಬ್ ಬರೆದ ಪ್ರೋಗ್ರಾಂ ಒಂದೇ ಬೆಡಗಿನವರನ್ನು ಅಣ್ಣತಂಗಿಯರೆಂದು ಬದಿಗಿಟ್ಟು, ವಯಸ್ಸು, ಓದು, ಎತ್ತರಕ್ಕೆ ಅಂಕ ಕೊಟ್ಟು, ಅತಿ ಹೆಚ್ಚು ಅಂಕ ಬಂದ ಮೂವರು ವರರ ಹೆಸರನ್ನು ಹೆಣ್ಣಿನ ತಂದೆಗೆ ಅಚ್ಚು ಹಾಕಿ ಕೊಡುತ್ತಿತ್ತು. ಅರ್ಜಿಗಳನ್ನು ತುಂಬುವ ಕೆಲಸ ನನ್ನದು.

ಒಂದು ಭಾನುವಾರ ಒಬ್ಬ ಹುಡುಗಿ ತಾಯಿಯ ಜೊತೆ ಬಂದು, ತನ್ನ ಅರ್ಜಿಯಲ್ಲಿ ಅಪ್ಪ ಎತ್ತರವನ್ನು ಎರಡಂಗುಲ ಜಾಸ್ತಿ ಬರೆಸಿದ್ದಾರೆ, ತಿದ್ದಿ ಎಂದಳು. ಹಾಗೇ ಬಿಟ್ಟರೆ ಜೀವನವೆಲ್ಲಾ ಹಿಮ್ಮಡಿ ಎತ್ತಿಕೊಂಡು ನಡೆಯಬೇಕಾಗುತ್ತದಂತೆ. ನಾನು ತಲೆಯೆತ್ತಿ ನೋಡಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಅವಳಿಗೆ ಹೊಂದುವ ಹನ್ನೆರಡು ವರರಲ್ಲಿ ನಾನೂ ಒಬ್ಬನಿದ್ದೆ, ಆದರೆ ಮೊದಲ ಮೂವರಲ್ಲಿ ಇರಲಿಲ್ಲ. ಪಟ್ಟಿಯನ್ನು ಇನ್ನೊಂದು ಫ್ಲಾಪಿಗೆ ನಕಲು ಮಾಡಿಕೊಂಡು, ಅದರಲ್ಲಿ ಉಳಿದ ಹನ್ನೊಂದು ಜನರನ್ನು ಅಳಿಸಿದೆ. ಮೂಲ ಪಟ್ಟಿ ಮುಟ್ಟಲಿಲ್ಲ, ಬೇರೆ ಹುಡುಗಿಯರಿಗೆ ಅನ್ಯಾಯವಾಗಬಾರದಲ್ಲ, ನಾನೂ ಧರ್ಮಕ್ಕೆ ಹೆದರುವವನೇ. ಕಾಗದದಲ್ಲಿ ಒಂದೇ ಹೆಸರು ಬಂತು. ದಲ್ಲಾಳಿಗಳನ್ನು ನಂಬದ ಮಾವ ಕಂಪ್ಯೂಟರನ್ನು ನಂಬಿದರು.

ಮಹಬೂಬ್ ಬಿಸ್ಕತ್ತಿನ ಡಬ್ಬಿಯಿಂದ ಫ್ಲಾಪಿಗಳನ್ನು ತೆಗೆದು ಒಂದೊಂದಾಗಿ ತುರುಕಿದ. ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ಕೊನೆಗೆ ಮಿಷನ್ ಓದಿದ್ದು ಒಂದನ್ನೇ, ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಅನು’ ಎಂದಿತ್ತು. ಬಸ್ಸಿಗೆ ಹೊತ್ತಾಯಿತೆಂದೆ, ಕರೆಂಟ್ ಹೋಗುತ್ತದೆಂದೆ, ಹಳೆಯ ಮಿಷನ್ ಶಾಕ್ ಹೊಡೆಯುತ್ತದೆಂದೆ. ಅನುಸೂಯ ಕುರ್ಚಿ ಎಳೆದುಕೊಂಡು ಕೂತಳು. ಹತ್ತೊಂಬತ್ತು ವರ್ಷದ ಸಂಸಾರ ಒಂದು ಮೋಸದ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತಾದರೆ ನಾನು ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗಲಿ? ನಿಜವಾಗಿ ಹೆದರಿದೆ.

ಹೆದರಿಕೆಗೆ ಕಾರಣವಿತ್ತು. ಡಿಬೇಸಿನಲ್ಲಿ ಡಿಲೀಟ್ ಅಂದರೆ ಅಳಿಸುವುದಲ್ಲ. ಹೆಸರಿನ ಪಕ್ಕ ಒಂದು ಚುಕ್ಕಿ ಇಟ್ಟು, ಲೆಕ್ಕಕ್ಕೆ ಹಿಡಿಯದೆ ಸುಮ್ಮನಾಗುತ್ತದೆ. ಆಮೇಲೆ ಪ್ಯಾಕ್ ಎಂಬ ಅಪ್ಪಣೆ ಕೊಟ್ಟರೆ ಮಾತ್ರ ಹೆಸರು ನಿಜವಾಗಿ ಹೋಗುವುದು. ಪ್ಯಾಕ್ ನಡೆಯುವಾಗ ಕರೆಂಟ್ ಹೋದರೆ ಇಡೀ ಪಟ್ಟಿಯೇ ಹೊಗೆ. ಹೊಸಕೋಟೆಯ ಕರೆಂಟನ್ನು ನಂಬಿ ಪ್ಯಾಕ್ ಕೊಡುವ ಎದೆ ನಮ್ಮ ಕಾಲದ ಯಾವ ಪ್ರೋಗ್ರಾಮರಿಗೂ ಇರಲಿಲ್ಲ. ಕೊಡದಿರುವುದೇ ಕೈಗೆ ಅಂಟಿಬಿಟ್ಟಿತ್ತು. ಕೊಡಲೇಬೇಕಾಗಿದ್ದ ಆ ಒಂದು ದಿನ ಕೂಡ ನಾನು ಕೊಟ್ಟಿರಲಿಲ್ಲ.

ಪರದೆಯ ಮೇಲೆ ಪಟ್ಟಿ ಬಂತು. ಅಲ್ಲಲ್ಲಿ ಹನ್ನೊಂದು ಚುಕ್ಕಿ. ಮಹಬೂಬ್ ಒಮ್ಮೆ ಪರದೆ ನೋಡಿದ, ಒಮ್ಮೆ ನನ್ನನ್ನು ನೋಡಿದ, ಮೆಲ್ಲಗೆ ಪರದೆಯ ಸ್ವಿಚ್ಚಿಗೆ ಕೈ ಚಾಚಿದ. ಮಕ್ಕಳ ಕಳ್ಳಮುಖ ನೋಡಿ ನೋಡಿ ಪಳಗಿದವಳು ಅನುಸೂಯ. ಚುಕ್ಕಿ ಏನೆಂದು ಅವನ ಬಾಯಿಂದಲೇ ಹೊರಡಿಸಿದಳು. ಅವನು ಸ್ನೇಹ ಬಿಟ್ಟುಕೊಡಲಿಲ್ಲ, ಅದು ತನ್ನ ಕೈ ಜಾರಿ ಆದದ್ದೆಂದ.

“ಹನ್ನೊಂದು ಸಲ ಕೈ ಜಾರ್ತಾ, ಮಹಬೂಬಣ್ಣ?”

“ನಾನೇ ಕಣೇ ಅಳಿಸಿದ್ದು,” ಎಂದೆ.

ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲರನ್ನೂ ವಾಪಸ್ ಕರೆಸಿ, ಸರಿಯಾಗಿ ಲೆಕ್ಕ ಹಾಕಿಸಿ ಎಂದು ಮಹಬೂಬನಿಗೆ ಹೇಳಿದಳು. ಡಿಬೇಸಿನಲ್ಲಿ ಅದಕ್ಕೂ ಒಂದು ಅಪ್ಪಣೆಯಿದೆ, ರೀಕಾಲ್. ಒಂದು ಮಾತಿಗೆ ಹನ್ನೊಂದು ವರರು ಎದ್ದು ಕೂತರು. ಮಿಷನ್ ಗರಗರ ಎಂದು ಐದು ನಿಮಿಷ ಅರೆಯಿತು. ಆ ಹಾಳು ಕರೆಂಟ್ ಅವತ್ತು ಹೋಗಲೇ ಇಲ್ಲ. ಕಾಗದಕ್ಕೆ ಮೂವರೇ ಆದರೂ ಪರದೆಯ ಮೇಲೆ ಹನ್ನೆರಡೂ ಜನ ಅಂಕದ ಸಾಲಿನಲ್ಲಿ ಬಂದರು. ಮೊದಲ ಸ್ಥಾನ ದೊಡ್ಡಬೆಳವಂಗಲದ ಪಶುವೈದ್ಯರಿಗೆ, ಅವರಿಗೆ ದ್ರಾಕ್ಷಿ ತೋಟ ಬೇರೆ. ನನಗೆ ಒಂಬತ್ತನೆಯದು. ಅನುಸೂಯ ಒಂದರಿಂದ ಒಂಬತ್ತರವರೆಗೆ ಹಾಜರಿ ಕರೆದ ಹಾಗೆ ಗಟ್ಟಿಯಾಗಿ ಓದಿದಳು. ಮಹಬೂಬ್ ಚಹಾ ತರುವ ನೆಪದಲ್ಲಿ ಕೆಳಗಿಳಿದ.

ನಾನು ಕ್ಷಮೆ ಕೇಳಿದೆ. ಪಶುವೈದ್ಯರ ವಿಷಯದಲ್ಲಿ ದೊಡ್ಡ ತಪ್ಪಾಗಿದೆ ಎಂದೆ.

“ಅವರ ಮನೆ ಹಾಳಾಗ್ಲಿ, ಬಿಡಿ,” ಎಂದಳು. “ಅವತ್ತು ಎತ್ತರ ತಿದ್ದಿಸೋಕೆ ಬಂದಾಗ ನೀವು ತಲೆಯೆತ್ತಿ ನೋಡಿದ್ರಿ. ಈ ಮನುಷ್ಯಂಗೆ ನಾನು ಹಿಡಿಸ್ದೆ ಅಂದ್ಕೊಂಡೇ ಮನೆಗೆ ಹೋದೆ. ಹೆಣ್ಣು ನೋಡೋಕೆ ಬಂದಾಗ ಕಂಪ್ಯೂಟರ್ ಆರಿಸಿದೆ ಅಂದ್ರಿ. ಅವತ್ತಿಂದ ಊರೆಲ್ಲಾ ಅದನ್ನೇ ಸಾರ್ಕೊಂಡ್ ಬಂದ್ರಿ. ಮಿಷನ್ ಕೊಟ್ಟಿದ್ದನ್ನ ಬೇಡ ಅನ್ನಕ್ಕಾಗ್ದೆ ಕಟ್ಕೊಂಡೋರು ಅಂತ ಹತ್ತೊಂಬತ್ತು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀನಿ ನಾನು.”

ನನಗೆ ಬಹಳ ನಾಚಿಕೆಯಾಯಿತು. ಹನ್ನೊಂದು ಜನರನ್ನು ಅಳಿಸಿದ್ದಕ್ಕಲ್ಲ. ನಾನೇ ಒಪ್ಪಿದೆ ಎನ್ನುವ ಎರಡು ಮಾತನ್ನು, ಬರೀ ಜಂಬಕ್ಕೋಸ್ಕರ, ಇವಳೊಬ್ಬಳಿಗೆ ಹೇಳದೆ ಉಳಿಸಿಕೊಂಡಿದ್ದಕ್ಕೆ. ಹೇಳಿದೆ. ಧೂಳಿನ ಕೋಣೆಯಲ್ಲಿ, ಬಿಸ್ಕತ್ತಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಅರ್ಜಿ ಓದುವವನ ಹಾಗೆ ತಡವರಿಸಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದಳು.

ವಾಪಸ್ ಬರುವಾಗ ಹೊಸಕೋಟೆಯಲ್ಲಿ ಬಸ್ ಹತ್ತಿದೆವು. ಹೆಂಗಸರ ಸೀಟಿನಲ್ಲಿ ಪಕ್ಕಕ್ಕೆ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಪಾಪಮ್ಮ ಎನ್ನುವವರು ಕೂತಿದ್ದರು. ಗುರುತಿಲ್ಲ, ಪರಿಚಯವಿಲ್ಲ, ಹೆಸರೂ ಆಮೇಲೆ ತಿಳಿದದ್ದು. ಟಿಕೆಟ್ ತೆಗೆದುಕೊಳ್ಳುವ ಮೊದಲೇ ಅನುಸೂಯ ಶುರುಮಾಡಿದಳು, ನಮ್ಮೆಜಮಾನ್ರು ಹನ್ನೊಂದು ಜನ ಗಂಡುಗಳನ್ನು ಅಳಿಸಿಹಾಕಿ ನನ್ನನ್ನು ಮದುವೆಯಾದವರು ಎಂದು. ಪಾಪಮ್ಮ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಂದಗುಡಿ ಬರುವಷ್ಟರಲ್ಲಿ ಹನ್ನೊಂದು ಇಪ್ಪತ್ತೈದಾಗಿತ್ತು, ಅದರಲ್ಲಿ ಒಬ್ಬ ಇನ್ಸ್‌ಪೆಕ್ಟರೂ ಸೇರಿದ್ದ. ನಾನು ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂತಿದ್ದೆ, ಒಂದು ಅಂಕಿಯನ್ನೂ ತಿದ್ದಲಿಲ್ಲ.