ಪಿಕೆಟ್ ಗ್ರೋವ್ ಶಾಲೆಯ ದಾಖಲಾತಿ ಪುಸ್ತಕಗಳು

೧೯೬೯ರ ಆ ಆಗಸ್ಟಿನಲ್ಲಿ ಓಜೆಲಾ ಪ್ರೂಯಿಟ್ ಒಂದು ಕಡೆ ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಲಿಲ್ಲ. ನಾವಿಬ್ಬರೂ ಹದಿನೇಳು ವರ್ಷ ಪಿಕೆಟ್ ಗ್ರೋವ್ ಶಾಲೆಯಲ್ಲಿ ಪಾಠ ಹೇಳಿದವರು. ಕರಿಯರ ಮಕ್ಕಳಿಗೆಂದು ನಮ್ಮ ಅಜ್ಜಂದಿರೇ ಪೈನ್ ಮರ ಕಡಿದು ಕಟ್ಟಿದ ಶಾಲೆ. ಕರಿಯರ, ಬಿಳಿಯರ ಮಕ್ಕಳೆಲ್ಲ ಒಟ್ಟಿಗೆ ಓದಬೇಕೆಂದು ಕೋರ್ಟು ಕೊನೆಗೂ ಗಟ್ಟಿಯಾಗಿ ಹೇಳಿದಾಗ ಕೌಂಟಿಯವರು, ಅಂದರೆ ಜಿಲ್ಲೆಯ ಆಡಳಿತದವರು, ಮುಚ್ಚಿದ್ದು ನಮ್ಮದನ್ನು. ನಮ್ಮ ಹೆಡ್ಮಾಸ್ಟರ್ ಲೂಷಿಯಸ್ ಹಾರ್ಗ್ರೋವ್ ಅವರಿಗೆ ಬಿಳಿಯರ ಶಾಲೆಯಲ್ಲಿ ಬಸ್ಸುಗಳ ಉಸ್ತುವಾರಿ ಸಿಕ್ಕಿತು.

ಒಂದು ಬೆಳಿಗ್ಗೆ ಓಜೆಲಾ ಬಟಾಣಿ ಸುಲಿಯುತ್ತಿದ್ದಳು. ಶಾಲೆಯ ಸಾಮಾನು ಹೇರಿಕೊಂಡ ಲಾರಿ ತಿಪ್ಪೆಗುಂಡಿಯ ದಾರಿ ಹಿಡಿದದ್ದು ಕಂಡಿತು. ಮಡಿಲ ಬಟಾಣಿ ನೆಲಕ್ಕೆ ಚೆಲ್ಲಿ ಎದ್ದಳು. ನನ್ನನ್ನೂ ಕಾರಿಗೆ ಹತ್ತಿಸಿಕೊಂಡಳು.

ಗುಂಡಿಯಲ್ಲಿ ತರಗತಿಗಳ ಫೋಟೋಗಳು ಬೋರಲು ಬಿದ್ದಿದ್ದವು. ಮುರಿದ ಮೇಜಿನಡಿ ೧೯೧೨ರಿಂದೀಚಿನ ದಾಖಲಾತಿ ಪುಸ್ತಕಗಳಿದ್ದವು. ಎತ್ತಿಕೊಳ್ಳುವಷ್ಟರಲ್ಲಿ ಬಿಳಿಯ ಕಾವಲುಗಾರ ಬಂದ.

"ಏ ಓಜೆಲಾ, ಮುಟ್ಬೇಡ. ಅದು ಕೌಂಟಿ ಸ್ವತ್ತು."

"ಮಿಸ್ ಪ್ರೂಯಿಟ್ ಅನ್ನಿ. ಕೌಂಟಿಗೆ ಬೇಕಾಗಿದ್ರೆ ಇಲ್ಲಿ ತಂದು ಸುರೀತಿರ್ಲಿಲ್ಲ."

ಅವನು ಸುತ್ತ ನೋಡಿ ತನ್ನ ಕಾವಲು ಗುಡಿಸಲಿಗೆ ಮರಳಿದ.

ಪುಸ್ತಕಗಳನ್ನು ಕಾರಿಗೆ ಹಾಕಿಕೊಂಡು ನೇರ ಹಾರ್ಗ್ರೋವ್ ಅವರ ಮನೆಗೆ ಹೋದೆವು. ಆ ಸೆಕೆಯಲ್ಲೂ ಟೈ ಕಟ್ಟಿ ಜಗಲಿಯಲ್ಲಿ ಕೂತಿದ್ದರು. "ಅದನ್ನ ಒಳಗೆ ತರ್ಬೇಡಿ ಕಣಮ್ಮ," ಎಂದರು. "ನನ್ನ ಕೈಲಿ ನೋಡೋಕಾಗಲ್ಲ."

ಪುಸ್ತಕಗಳು ಓಜೆಲಾಳ ಟ್ರಂಕು ಸೇರಿದವು. ಮಾತಿನ ನಡುವೆಯೇ ಎದ್ದುಹೋಗಿ ಅವಳು ಮುಚ್ಚಳ ತೆಗೆದು ನೋಡಿ ಬರುತ್ತಿದ್ದಳು.

ಎರಡು ವರ್ಷದ ಮೇಲೆ ಬಟ್ಟೆ ಒಗೆಯುವ ಯೂಲಾ ಮುದುಕಿ ಬಂದಳು. ಪಿಂಚಣಿಗೆ ಹುಟ್ಟಿದ ವರ್ಷದ ಪುರಾವೆ ಕೇಳುತ್ತಿದ್ದರಂತೆ. ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರಿಗೆ ಕಾಗದ ಎಲ್ಲಿಂದ ಬರಬೇಕು? ಓಜೆಲಾ ಹುಡುಕಿದಳು: ೧೯೧೪, ಒಂದನೆಯ ತರಗತಿ, ಯೂಲಾ, ಆರು ವರ್ಷ. ಆದರೆ ಆ ಸಾಲಿನ ನಕಲು ಪ್ರತಿಗೆ ಹೆಡ್ಮಾಸ್ಟರರ ಸಹಿ ಬೇಕಿತ್ತು.

ಈ ಸಲ ಒಳಗೆ ತರಲೇ ಎಂದು ಅವಳು ಕೇಳಲಿಲ್ಲ. ಯೂಲಾಳನ್ನು ಕರೆದೊಯ್ದು, ಪುಸ್ತಕವನ್ನು ಹಾರ್ಗ್ರೋವ್ ಅವರ ತೊಡೆಯ ಮೇಲಿಟ್ಟಳು. ಅವರ ಬೆರಳು ಸಾಲುಗಳ ಮೇಲೆ ಜಾರಿ ಒಂದೆಡೆ ನಿಂತಿತು.

"ನಮ್ಮಣ್ಣ," ಎಂದರು. "ಹತ್ತು ತುಂಬೋಕ್ಮುಂಚೆ ಹೋದ. ಅವನ ಹೆಸರು ಬರೆದಿದ್ದು ಇನ್ನೆಲ್ಲೂ ಇಲ್ಲ."

ಪೆನ್ನು ಕೇಳಿದರು. ಸಹಿಯ ಕೆಳಗೆ 'ಹೆಡ್ಮಾಸ್ಟರ್, ಪಿಕೆಟ್ ಗ್ರೋವ್ ಶಾಲೆ' ಎಂದು ದುಂಡಗೆ ಬರೆದರು. ಕಚೇರಿಯವರು ಒಪ್ಪಿದರು.

ಆಮೇಲೆ ಪ್ರತಿ ಶನಿವಾರ ಅವರು ಓಜೆಲಾಳ ಅಡುಗೆಮನೆಯಲ್ಲಿ ಕೂರತೊಡಗಿದರು. ಯೂಲಾಳಂತೆ ಪುರಾವೆಗೆಂದು ಬಂದವರನ್ನು ವಯಸ್ಸಿಗಿಂತ ಮೊದಲು, ನಿಮಗೆ ಅಕ್ಷರ ಕಲಿಸಿದವರು ಯಾರು ಎಂದು ಕೇಳುತ್ತಿದ್ದರು.