ಕರಡಿಮರಿ ವಿಟಮಿನ್

ಸಬೀಕಾಳ ಮನೆಯಿಂದ ಅರೆಹೊಟ್ಟೆಯಲ್ಲಿ ಎದ್ದು ಹೋದವರಿಲ್ಲ ಎಂದು ಇಡೀ ಜಹ್ರಾ ಊರೇ ಹೇಳುತ್ತಿತ್ತು. ಮಗಳು ಗನೀಮಾ ತೂಕ ಇಳಿಸಲೆಂದು ಆಪರೇಷನ್ ಮಾಡಿಸಿಕೊಂಡು ಹೊಟ್ಟೆಯನ್ನೇ ಚಿಕ್ಕದಾಗಿಸಿಕೊಂಡು ಬಂದ ಮೇಲೆ ಆ ಮಾತಿಗೆ ಮನೆಯೊಳಗೇ ಕುತ್ತು ಬಂತು. ಬೀದಿಗೊಬ್ಬರು ಮಾಡಿಸಿಕೊಂಡವರಿದ್ದರೂ ತನ್ನ ಮಗಳು ಮಾಡಿಸಿಕೊಂಡದ್ದು ಸಬೀಕಾಳಿಗೆ ಹಿಡಿಸಲಿಲ್ಲ. ಮೊಣಕಾಲು ನೋವು ಇಳಿಯಿತು, ಸಕ್ಕರೆ ಹತೋಟಿಗೆ ಬಂತು, ಎಲ್ಲವೂ ಸರಿ. ಆದರೆ ಮಾಂಸ ಹಾಕಿ ಬೇಯಿಸಿದ ಘಮಘಮಿಸುವ ಮಚ್ಬೂಸ್ ಅನ್ನದ ತಟ್ಟೆ ಮುಂದಿಟ್ಟರೆ ಗನೀಮಾ ಎರಡು ತುತ್ತು ಉಂಡು "ಸಾಕು ಯುಮ್ಮಾ" ಎನ್ನುತ್ತಿದ್ದಳು. ಹಾಗೆ ಅವಳು ಕೈತೊಳೆದಾಗಲೆಲ್ಲ ಸಬೀಕಾಳಿಗೆ ತನ್ನನ್ನೇ ಬೇಡ ಎಂದಂತಾಗುತ್ತಿತ್ತು.

ಇನ್ನು ಬದುಕಿರುವಷ್ಟು ಕಾಲ ದಿನವೂ ವಿಟಮಿನ್ ತಗೊಳ್ಳಲೇಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅವರು ಕೊಟ್ಟ ಗುಳಿಗೆ ಖರ್ಜೂರದ ಬೀಜದಷ್ಟು ದಪ್ಪ. ನುಂಗಿದರೆ ಗನೀಮಾಳಿಗೆ ವಾಂತಿ. ಹೀಗಿರುವಾಗ ಒಂದು ದಿನ ಸಹಕಾರಿ ಅಂಗಡಿಗೆ ಅಕ್ಕಿ ತರಲು ಹೋದ ಸಬೀಕಾಳಿಗೆ ಬಣ್ಣಬಣ್ಣದ ಒಂದು ಡಬ್ಬಿ ಕಂಡಿತು. ಒಳಗೆ ಜೆಲ್ಲಿಯ ಕರಡಿಮರಿಗಳು. ಮೇಲೆ 'ಮಲ್ಟಿವಿಟಮಿನ್' ಎಂದು ದಪ್ಪಕ್ಷರ. ವಾಂತಿ ಬರಿಸದ ಔಷಧಿ ಸಿಕ್ಕಿತೆಂದು ಹಿಗ್ಗಿ ತಂದಳು.

ಗನೀಮಾ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ, ಒಂದು ಕೆಂಪು ಕರಡಿಯನ್ನು ಬಾಯಿಗೆ ಹಾಕಿಕೊಂಡಳು.

"ಚೆನ್ನಾಗಿದೆ ಯುಮ್ಮಾ. ಇದನ್ನೇ ತಿಂತೀನಿ."

ಸಬೀಕಾಳ ಎದೆ ತಂಪಾಯಿತು. ಅಂದಿನಿಂದ ಬೆಳಗ್ಗೆ ತಾನೇ ಅಂಗೈಯಲ್ಲಿ ಕರಡಿಯನ್ನಿಟ್ಟು ಮಗಳ ಮುಂದೆ ಹಿಡಿಯುತ್ತಿದ್ದಳು. ಗನೀಮಾ ಒಂದು ದಿನವೂ ಬೇಡ ಎನ್ನಲಿಲ್ಲ.

ಚಳಿಗಾಲ ಕಳೆಯುವಷ್ಟರಲ್ಲಿ ಬಾಚಣಿಗೆಗೆ ಹಿಡಿಹಿಡಿ ಕೂದಲು ಬರತೊಡಗಿತು. ಆಗೀಗ ವಾಂತಿಯೂ ಇತ್ತು. ಪಾದ ಜುಮುಜುಮು ಎನ್ನುತ್ತದೆ ಎಂದಾಗ ಸಬೀಕಾ, "ಬರಿಗಾಲಲ್ಲಿ ಕಲ್ಲುನೆಲದ ಮೇಲೆ ಓಡಾಡಬೇಡ ಅಂದ್ರೆ ಕೇಳ್ತೀಯಾ?" ಎಂದು ಗದರಿ, ಉಣ್ಣೆ ಕಾಲುಚೀಲ ತೊಡಿಸಿದಳು.

ಒಂದು ಶುಕ್ರವಾರ ನಾದಿನಿ ನೂರಿಯಾಳ ಮನೆಯಲ್ಲಿ ಊಟ. ನೆಲದ ಮೇಲೆ ಹಾಸಿದ ಬಟ್ಟೆಯ ಸುತ್ತ ಕೂತು ಉಂಡ ಹೆಂಗಸರೆಲ್ಲ ಕೈತೊಳೆಯಲು ಎದ್ದರು. ಗನೀಮಾ ಏಳಲಿಲ್ಲ. ಏಳಲೆಂದು ಕೈಯೂರಿದಳು, ಕಾಲು ಮಾತು ಕೇಳಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು," ಎಂದಳು ನೂರಿಯಾ. "ಹೀಗೆ ಬಳ್ಳಿ ತರ ಆಗಿ ಎಲ್ರ ಮುಂದೆ ಓಡಾಡಿದ್ರೆ ಕಣ್ಣು ಬೀಳದೆ ಇರುತ್ತಾ? ಧೂಪ ಹಾಕ್ತೀನಿ ಇರು."

"ಧೂಪ ಆಮೇಲೆ ಹಾಕು. ಮೊದ್ಲು ಕಾರಿಗೆ ಹತ್ತಿಸು, ಹಿಡ್ಕೋ ಆ ಕಡೆ," ಎಂದಳು ಸಬೀಕಾ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ತಡಮಾಡದೆ ಬಾಟಲಿಯಲ್ಲಿ ಔಷಧಿ ಏರಿಸಿದರು. ಮರುದಿನ ಬೆಳಗ್ಗೆ ಆಹಾರ ತಜ್ಞೆ ರಿಹಾಮ್ ಬಂದು ಕೇಳಿದಳು: "ವಿಟಮಿನ್ ತಗೊಳ್ತಿದ್ಲಾ, ಖಾಲಾ?"

"ಒಂದು ದಿನ ಬಿಟ್ಟಿಲ್ಲ. ನಾನೇ ಕೈಯಾರೆ ಕೊಡ್ತಿದ್ದೆ." ಸಬೀಕಾ ಹೆಮ್ಮೆಯಿಂದ ಚೀಲದೊಳಗಿಂದ ಡಬ್ಬಿ ತೆಗೆದಳು. ಹಿಂದಿನ ದಿನ ಬಿಸಿಲಲ್ಲಿ ನಿಂತಿದ್ದ ಕಾರಿನೊಳಗಿನ ಬಿಸಿಗೆ ಕರಡಿಗಳೆಲ್ಲ ಕರಗಿ ಒಂದೇ ಮುದ್ದೆಯಾಗಿದ್ದವು.

ರಿಹಾಮ್ ಹಿಂಬದಿಯ ಸಣ್ಣಕ್ಷರಗಳನ್ನು ಓದಿ ಮೆಲ್ಲಗೆ ಹೇಳಿದಳು: "ಇದು ಕೆಟ್ಟದ್ದಲ್ಲ ಖಾಲಾ. ಚೆನ್ನಾಗಿ ಉಂಡು ಓಡಾಡೋ ಮಕ್ಕಳಿಗೆ ಸಾಕು. ಆದ್ರೆ ಇದ್ರಲ್ಲಿ ಕಬ್ಬಿಣ ಇಲ್ಲ, ಬಿ-ಒಂದು ವಿಟಮಿನ್ನೂ ಇಲ್ಲ. ಇವಳ ನರಗಳಿಗೆ ಬೇಕಾಗಿದ್ದೇ ಅದು."

ಅವಳು ಹೋದ ಮೇಲೆ ಸಬೀಕಾ ಮಂಚದ ಅಂಚಿನಲ್ಲಿ ಕೂತು ಮುಖ ಮುಚ್ಚಿಕೊಂಡಳು. "ನಾನೇ ಕೈಯಾರೆ ಮಾಡಿದ್ನಲ್ಲೇ! ನಂಗೆ ಓದಕ್ಕೆ ಬರಲ್ವಾ? ಚೆಂದದ ಡಬ್ಬಿ ನೋಡಿ ತಂದ್ಬಿಟ್ಟೆ."

"ನಂಗೆ ಗೊತ್ತಿತ್ತು ಯುಮ್ಮಾ," ಎಂದಳು ಗನೀಮಾ.

"ಏನು ಗೊತ್ತಿತ್ತು?"

"ಅದು ಸಾಲಲ್ಲ ಅಂತ. ತಂದ ದಿನಾನೇ ಓದಿದ್ದೆ."

"ಮತ್ತೆ ಬಾಯಿ ಬಿಡಕ್ಕೆ ಏನಾಗಿತ್ತು ನಿಂಗೆ?"

ಗನೀಮಾ ಸೂಜಿ ಚುಚ್ಚಿದ ಕೈಯನ್ನೇ ನೋಡುತ್ತಾ ಹೇಳಿದಳು: "ನೀನು ಮಾಡಿದ್ದೆಲ್ಲ ಬೇಡ ಬೇಡ ಅಂತಾನೇ ಇದ್ದೆ. ನಿನ್ನ ಮುಖ ನೋಡಕ್ಕಾಗ್ತಿರ್ಲಿಲ್ಲ. ನೀನು ಕೊಟ್ಟಿದ್ದು ಒಂದಾದ್ರೂ ಬೇಡ ಅನ್ನದೆ ತಿನ್ನೋಣ ಅಂತ... ಬೇರೆ ಗುಳಿಗೆ ಆಮೇಲೆ ತಂದ್ರಾಯ್ತು ಅಂತ ದಿನ ದೂಡಿದೆ."

ಸಬೀಕಾ ಮಗಳ ಪಾದ ಎರಡನ್ನೂ ಮಡಿಲಿಗೆ ಎಳೆದುಕೊಂಡು ಒತ್ತುತ್ತಾ ಕೂತಳು. ತಾನು ಮುನಿಸಿಕೊಂಡು ಪಾತ್ರೆ ಕುಕ್ಕಿದ್ದನ್ನೆಲ್ಲ ಈ ಹುಡುಗಿ ಲೆಕ್ಕವಿಟ್ಟು ನುಂಗಿದ್ದಾಳಲ್ಲ ಎಂದುಕೊಂಡಳು.

ಗನೀಮಾ ಗೋಡೆ ಹಿಡಿದು ನಡೆಯುವಂತಾದ ಮೇಲೆ ಇಬ್ಬರೂ ಔಷಧಿ ಅಂಗಡಿಗೆ ಹೋದರು. ಕಪಾಟಿನ ತುಂಬ ಡಬ್ಬಿಗಳು: ಕೂದಲಿಗೆ, ಚರ್ಮಕ್ಕೆ, ಶಕ್ತಿಗೆ, ಸಿಂಹದ ಚಿತ್ರದ್ದು, ಚಿನ್ನದ ಬಣ್ಣದ್ದು. ಸಬೀಕಾ ಕನ್ನಡಕ ಏರಿಸಿ ಪ್ರತಿಯೊಂದರ ಬೆನ್ನು ತಿರುಗಿಸಿದಳು.

"ಇದ್ರಲ್ಲಿ ಕಬ್ಬಿಣ ಇದೆ, ಬಿ-ಹನ್ನೆರಡು ಚೂರೇ ಚೂರು. ಇದು ಕಿಟಕಿ ಬಿಸಿಲಲ್ಲಿ ಕೂತಿದೆ, ಬೇಡ. ಇದ್ರಲ್ಲಿ ಏನೇನು ಎಷ್ಟೆಷ್ಟಿದೆ ಅಂತಾನೇ ಬರ್ದಿಲ್ಲ, ಕಳ್ಳರು!"

"ಯುಮ್ಮಾ, ಮೆತ್ತಗೆ. ಜನ ನೋಡ್ತಾರೆ."

"ನೋಡ್ಲಿ. ಅವರೂ ಓದಿ ತಗೊಳ್ಲಿ."

ಕೊನೆಗೆ ಹೊಟ್ಟೆಯ ಆಪರೇಷನ್ ಆದವರಿಗೆಂದೇ ಮಾಡಿದ, ಅಗಿದು ತಿನ್ನುವ ಗುಳಿಗೆ ಸಿಕ್ಕಿತು. ರಿಹಾಮ್ ಹೇಳಿದ್ದೆಲ್ಲ ಅದರಲ್ಲಿತ್ತು. ಅಂಗಡಿಯ ಹೊರಗೇ ಸೀಲು ಒಡೆದು, ಒಂದನ್ನು ಮುರಿದು, ಚೂರನ್ನು ಮೊದಲು ಸಬೀಕಾಳೇ ಬಾಯಿಗೆ ಹಾಕಿಕೊಂಡಳು. ಮುಖ ಹಿಂಡಿಹೋಯಿತು.

"ಥೂ! ತುಕ್ಕು ಹಿಡಿದ ಬಾಗಿಲು ನೆಕ್ಕಿದ ಹಾಗಿದೆ."

ಗನೀಮಾ ಕಂಬಕ್ಕೊರಗಿ ನಕ್ಕಳು. "ಇದನ್ನ ನಾನು ಬೇಡ ಅಂದ್ರೆ ಬೇಜಾರು ಮಾಡ್ಕೋತೀಯಾ?"

"ಬೇಡ ಅನ್ನು. ಬಾಯಿಬಿಟ್ಟು ಅನ್ನು, ಸುಮ್ನೆ ನುಂಗಬೇಡ. ಬೇರೆ ಹುಡುಕೋಣ. ಆದ್ರೆ ಹೊಂದೋದು ಸಿಗೋ ತನಕ ಇದನ್ನ ತಿನ್ನು, ನನ್ನ ಕಣ್ಣೇ."

ಗನೀಮಾ ಉಳಿದ ಚೂರನ್ನು ಅಗಿದಳು. ಕಣ್ಣಲ್ಲಿ ನೀರು ಬಂದರೂ ಹೊಟ್ಟೆಯಲ್ಲಿ ನಿಂತಿತು.

ಬೇಸಿಗೆಯ ಹೊತ್ತಿಗೆ ಅವಳು ಊರುಗೋಲು ಬಿಟ್ಟಳು. ಕೂದಲು ಮರಳಿ ಚಿಗುರಿತು, ಎಡಪಾದದ ಬೆರಳುಗಳು ಮಾತ್ರ ಇನ್ನೂ ಪೂರ್ತಿ ಎಚ್ಚರಗೊಂಡಿಲ್ಲ. ತಪಾಸಣೆಗೆ ಹೋದಾಗ ರಿಹಾಮ್ ಯಾಕೋ ಅನುಮಾನ ಬಂದು ಸಬೀಕಾಳ ರಕ್ತವನ್ನೂ ತೆಗೆಸಿದಳು. ಬಿಸಿಲೂರಲ್ಲಿ ಹುಟ್ಟಿ ಬೆಳೆದವಳ ಮೈಯಲ್ಲಿ ಬಿಸಿಲಿನ ವಿಟಮಿನ್ನೇ ಇರಲಿಲ್ಲ.

"ನಂಗಾ? ನಾನು ಹೊಟ್ಟೆ ತುಂಬ ಉಣ್ತೀನಮ್ಮ!"

"ಉಣ್ತೀರಿ ಖಾಲಾ, ಆದ್ರೆ ಹಗಲೆಲ್ಲ ಅಡುಗೆಮನೆಯಲ್ಲೇ ಇರ್ತೀರಿ," ಎಂದಳು ರಿಹಾಮ್.

ಗನೀಮಾ ಬಾಗಿಲಲ್ಲಿ ನಿಂತು ಅಮ್ಮ ತೊಟ್ಟ ಕಪ್ಪು ನಿಲುವಂಗಿ ಅಬಾಯಾವನ್ನು ಸರಿಮಾಡಿದಳು. "ನಡಿ ಯುಮ್ಮಾ, ಅಂಗಡಿಗೆ. ನಿನ್ನದು ಈ ಸಲ ನಾನು ಓದ್ತೀನಿ."